ತೊಂಬತ್ತಾರು ಕೆಜಿಯ ಹರಕೆ

ತೂಕದ ಗುಂಡನ್ನು ತೊಂಬತ್ತರ ಗೆರೆಗೆ ಸರಿಸಿದರೂ ತಕ್ಕಡಿಯ ಕೋಲು ಮೇಲೇಳಲಿಲ್ಲ. ಅಷ್ಟೇ ಸಾಕಾಯಿತು! ದೊಡ್ಡಲಕ್ಷ್ಮಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ರೇಷ್ಮೆ ಹುಳುಮನೆಯ ಹೊಸ್ತಿಲ ಮೇಲೆ ಕುಸಿದು ಕುಳಿತಳು. ಬಾಯಲ್ಲಿ ಸೆರಗಿದ್ದರೂ ಆಕೆಯ ದನಿ ಮೂರು ಮನೆ ದಾಟಿ ಕೇಳಿಸುತ್ತಿತ್ತು. ದನಿಯ ವಿಷಯದಲ್ಲಿ ದೇವರು ಆಕೆಗೆ ಯಾವ ಕೊರತೆಯನ್ನೂ ಮಾಡಿರಲಿಲ್ಲ.

"ಅಯ್ಯೋ ನನ್ ತಮ್ಮಾ...! ಸಾಕ್ತಾವ್ಳೆ ಅನ್ಕಂಡಿದ್ನಲ್ಲಪ್ಪ, ಸಾಯ್ಸ್ತಾವ್ಳಲ್ಲಪ್ಪೋ! ತೊಂಬತ್ತಾರು ಕೆಜಿ ಆಳು... ತೊಂಬತ್ತಕ್ಕಿಂತ ಕೆಳಕ್ಕೆ ಬಂದ್ಬುಟ್ನಲ್ಲ!"

"ಎಂಬತ್ತೊಂಬತ್ತೂವರೆ ಐತೆ ಅಕ್ಕಯ್ಯ," ಎಂದಳು ತಮ್ಮನ ಹೆಂಡತಿ ಸರಸಮ್ಮ, ಗುಂಡನ್ನು ಅರ್ಧ ಗೆರೆ ಹಿಂದಕ್ಕೆ ಸರಿಸಿ. "ವಾರಕ್ಕೆ ಅರ್ಧ ಕೆಜಿ ಇಳೀಲಿ ಅಂತ ನೀವೇ ಒಪ್ಕಂಡಿದ್ರಿ."

"ಒಪ್ಕಂಡಿದ್ದೆ ಕಣಮ್ಮಿ! ತೊಂಬತ್ತಕ್ಕೆ ನಿಂತ್ಕತದೆ ಅನ್ಕಂಡು ಒಪ್ಕಂಡಿದ್ದೆ!"

ಇಬ್ಬರ ನಡುವೆ ತಕ್ಕಡಿಯ ಹಲಗೆಯ ಮೇಲೆ ಗಂಗಹನುಮಯ್ಯ ನಿಂತಿದ್ದ. ಶ್ರಾವಣದ ಬಿಸಿಲಿನಲ್ಲೂ ಆತ ದಪ್ಪ ಉಲ್ಲನ್ ಸ್ವೆಟರ್ ತೊಟ್ಟು, ಎರಡೂ ಕೈಗಳನ್ನು ಹೊಟ್ಟೆಯ ಮೇಲೆ ಕಟ್ಟಿಕೊಂಡು, ತನ್ನನ್ನು ಯಾರು ಕೊಂಡರೂ ಸರಿ ಎನ್ನುವ ಮುಖ ಮಾಡಿಕೊಂಡಿದ್ದ.

ಈ ತಕ್ಕಡಿ ಮನುಷ್ಯರನ್ನು ತೂಗಲು ಬಂದದ್ದಲ್ಲ. ರಾಮನಗರದಲ್ಲಿ ಒಂದು ಫಿಲೇಚರ್, ಅಂದರೆ ರೇಷ್ಮೆ ನೂಲಿನ ಕಾರ್ಖಾನೆ, ಬಾಗಿಲು ಹಾಕಿದಾಗ ಹರಾಜಿನಲ್ಲಿ ಹಿಡಿದು, ಎತ್ತಿನ ಗಾಡಿಯಲ್ಲಿ ಕೈಲಾಂಚದ ಈಚೆಗಿನ ಈ ಊರಿಗೆ ತಂದದ್ದು. ಮಾರುಕಟ್ಟೆಗೆ ಹೊರಡುವ ಮುಂಚೆ ರೇಷ್ಮೆಗೂಡಿನ ಮೂಟೆಗಳನ್ನು ಮನೆಯಲ್ಲೇ ಒಮ್ಮೆ ತೂಗಿ ನೋಡುವುದು ಗಂಗಹನುಮಯ್ಯನ ಪದ್ಧತಿ. ಗೂಡಿಗೆ ನೀರು ಚಿಮುಕಿಸಿ ತೂಕ ಏರಿಸುವವರನ್ನು ಕಂಡರೆ ಆತನಿಗೆ ಆಗದು. ಮಾರುಕಟ್ಟೆಯಲ್ಲಿ ಆತನ ಗೂಡಿನ ಲಾಟಿಗೆ ಕೈ ಹಾಕಿ ನೋಡದೆಯೇ ಬೆಲೆ ಕೂಗುವವರಿದ್ದರು. ಆತನ ಮರ್ಯಾದೆ ಅಂಥದ್ದು.

ಮೇ ತಿಂಗಳ ಒಂದು ಬೆಳಿಗ್ಗೆ, ಹುಳು ಪೊರೆ ಬಿಡುವ ನಾಲ್ಕನೇ ಜ್ವರದಿಂದ ಎದ್ದು ಬಕಬಕನೆ ಸೊಪ್ಪು ತಿನ್ನುತ್ತಿದ್ದ ಹೊತ್ತಿನಲ್ಲಿ, ಹಿಪ್ಪುನೇರಳೆ ಹೊರೆ ಹೊತ್ತು ಬಂದ ಗಂಗಹನುಮಯ್ಯ ಎದೆ ಹಿಡಿದುಕೊಂಡು ಹೊರೆಯ ಮೇಲೇ ಮಲಗಿಬಿಟ್ಟಿದ್ದ. ಬೆಂಗಳೂರಿನ ಆಸ್ಪತ್ರೆಗೆ ಸಾಗಿಸಿದ್ದಾಯಿತು. ಅಲ್ಲಿ ಸೇರಿಸಿಕೊಳ್ಳುವಾಗ ತೂಗಿದರು... ತೊಂಬತ್ತಾರು ಕೆಜಿ! ಆ ಅಂಕಿ ಕಿವಿಗೆ ಬೀಳುತ್ತಲೇ ಆತನ ಅಕ್ಕ ದೊಡ್ಡಲಕ್ಷ್ಮಮ್ಮ ಆಸ್ಪತ್ರೆಯ ಗೇಟನ್ನೇ ದೇವರ ಬಾಗಿಲೆಂದು ಹಿಡಿದುಕೊಂಡು, "ಹನುಮಂತರಾಯ, ಇವ್ನು ಹೆಂಗವ್ನೋ ಹಂಗೇ ಎದ್ದು ಬಂದ್ರೆ ತೊಂಬತ್ತಾರು ಕೆಜಿ ಬೆಲ್ಲ ತೂಗ್ತೀನಿ" ಎಂದು ಹರಕೆ ಹೊತ್ತಳು. ಹೆಂಗವ್ನೋ ಹಂಗೇ! ಮನೆಗೆ ಬಂದ ಗ್ರಹಚಾರವೆಲ್ಲ ಆ ಎರಡು ಮಾತಿನಲ್ಲಿತ್ತು.

ಡಿಸ್ಚಾರ್ಜಿನ ದಿನ ಡಾಕ್ಟರು ಹೇಳಿದ್ದು ಸರಳವಾಗಿಯೇ ಇತ್ತು. ಉಪ್ಪು, ಎಣ್ಣೆ ಕಡಿಮೆ ಮಾಡಿ, ದಿನಾ ನಡೆಸಿ, ವಾರಕ್ಕೆ ಅರ್ಧ ಕೆಜಿಯಂತೆ ನಿಧಾನವಾಗಿ ತೂಕ ಇಳಿಸಿ. ದೊಡ್ಡಲಕ್ಷ್ಮಮ್ಮ ನಡುವೆ ಬಾಯಿ ಹಾಕಿದಳು. "ಡಾಕ್ಟ್ರೇ, ಪಕ್ಕದ ಮಂಚದಲ್ಲಿ ಹುಚ್ಚಯ್ಯ ಅಂತ ಕಡ್ಡಿ ಹಂಗಿದ್ನಲ್ಲ, ಅವ್ನು ಹೋಗ್ಬುಟ್ಟ. ನನ್ ತಮ್ಮ ದಪ್ಪ ಇದ್ದ, ಉಳ್ಕಂಡ. ಸರಿ ತಾನೆ?" ಡಾಕ್ಟರು ಸತ್ಯವಂತರು. "ಸ್ವಲ್ಪ ಮೈ ಇರುವವರು ಕೆಲವು ಸಲ ತಡೆದುಕೊಳ್ಳುತ್ತಾರೆ, ತೀರಾ ಸೊರಗಿದವರಿಗೆ ಕಷ್ಟವಾಗುತ್ತದೆ, ನಿಜ. ಆದರೆ ಈ ಹೊಟ್ಟೆಯೇ ನಾಳೆ ಇನ್ನೊಂದು ಸಲ ತರುತ್ತದಮ್ಮ," ಎಂದರು. ದೊಡ್ಡಲಕ್ಷ್ಮಮ್ಮ ಮೊದಲ ಅರ್ಧವನ್ನು ಗಂಟು ಕಟ್ಟಿಕೊಂಡಳು; ಸರಸಮ್ಮ ಉಳಿದರ್ಧವನ್ನು. ಒಂದೇ ವ್ಯಾನಿನಲ್ಲಿ ಇಬ್ಬರೂ ಊರಿಗೆ ಬಂದರು.

ಗಂಡ ಸತ್ತ ಮೇಲೆ ತವರಿಗೇ ಬಂದು ನೆಲೆಸಿದ್ದ ದೊಡ್ಡಲಕ್ಷ್ಮಮ್ಮನಿಗೆ ಹಜಾರದ ಆಚೆ ಬದಿಗೆ ಬೇರೆ ಒಲೆ ಇತ್ತು. ಆ ಒಲೆಯಿಂದ ತುಪ್ಪದ ವಾಸನೆ, ಈ ಒಲೆಯಿಂದ ಉಪ್ಪಿಲ್ಲದ ಸಾರಿನ ಆವಿ. ನಡುವೆ ಗಂಗಹನುಮಯ್ಯನ ತಟ್ಟೆ. ಬಿಡದಿಯ ಕಾರ್ಖಾನೆಯಲ್ಲಿ ಶಿಫ್ಟಿಗೆ ಹೋಗುವ ಮಗ ಪುನೀತ್, ಅಲ್ಲಿನ ಕ್ಲಿನಿಕ್ಕಿನಿಂದ ಊಟದ ಪಟ್ಟಿಯೊಂದನ್ನು ಪ್ಲಾಸ್ಟಿಕ್ ಹೊದಿಸಿ ತಂದುಕೊಟ್ಟ. ಸರಸಮ್ಮ ಅದನ್ನು ಹುಳುಮನೆಯಲ್ಲಿ, ಹುಳುವಿಗೆ ಸೊಪ್ಪು ಕೊಡುವ ಪಟ್ಟಿಯ ಪಕ್ಕದಲ್ಲೇ ಮೊಳೆ ಹೊಡೆದು ನೇತುಹಾಕಿದಳು. ಮೂವತ್ತು ವರ್ಷ ಹುಳು ಸಾಕಿದ ಕೈ ಅವಳದು. ಹೊತ್ತಿಗೆ ಸರಿಯಾಗಿ, ಅಳತೆಗೆ ಸರಿಯಾಗಿ ಕೊಟ್ಟರೆ ಯಾವ ಜೀವವಾದರೂ ಏಳುತ್ತದೆ ಎನ್ನುವುದು ಅವಳ ನಂಬಿಕೆ.

ಹಾಗಾಗಿಯೇ ಅವಳಿಂದ ಒಂದು ತಪ್ಪಾಯಿತು. ಗಂಡ ತಟ್ಟೆಯಲ್ಲಿ ಅರ್ಧ ಬಿಡತೊಡಗಿದಾಗ ಅವಳು ಹೆದರಲಿಲ್ಲ. ಹುಳು ಪೊರೆ ಬಿಡುವ ಮುಂಚೆ ಹೀಗೇ ಸೊಪ್ಪು ಬಿಟ್ಟು, ತಲೆ ಎತ್ತಿ ಸುಮ್ಮನೆ ಕೂರುತ್ತದೆ. ಅದಕ್ಕೇ ಜ್ವರಕ್ಕೆ ಕೂತಿದೆ ಎನ್ನುವುದು. ಆಗ ಅದನ್ನು ಮುಟ್ಟಬಾರದು, ಸೊಪ್ಪು ಹಾಕಬಾರದು. ಹೊಸ ಚರ್ಮದೊಂದಿಗೆ ಎದ್ದ ಮೇಲೆ ತಾನಾಗಿ ತಿನ್ನುತ್ತದೆ. ಗಂಡನೂ ಹಾಗೇ ಕೂತಿದ್ದಾನೆ, ಎಬ್ಬಿಸಬಾರದು ಎಂದುಕೊಂಡಳು. ಹುಳುವಿನ ಜ್ವರ ಒಂದೂವರೆ ದಿನದ್ದು, ಗಂಡನದು ಮೂರು ತಿಂಗಳಾಯಿತು ಎನ್ನುವುದು ಅವಳ ಲೆಕ್ಕಕ್ಕೆ ಬರಲಿಲ್ಲ. ತಕ್ಕಡಿಯೂ ಅವಳ ಕಡೆಗೇ ಇತ್ತಲ್ಲ! ಭಾನುವಾರ ಬಂದರೆ ಸರಿಯಾಗಿ ಅರ್ಧ ಕೆಜಿ. ಒಂದು ವಾರವೂ ತಪ್ಪಿದ್ದಿಲ್ಲ.

ತಪ್ಪಿದ್ದೆಂದರೆ ಅಡುಗೆಮನೆಯ ತಕ್ಕಡಿಯ ಕಬ್ಬಿಣದ ಬಟ್ಟುಗಳು. ಆಷಾಢದಲ್ಲಿ ಎರಡು ಕೆಜಿಯದು ಮಾಯವಾಯಿತು, ಆಮೇಲೆ ಐದು ಕೆಜಿಯದು. ರಾಗಿ ತೂಗಲು ಆಗದೆ ಸರಸಮ್ಮ ಒದ್ದಾಡಿದಳು. "ಆಚೆ ಒಲೆಯೋರು ತಗಂಡಿರ್ಬೇಕು" ಎಂದು ಗೋಡೆಗೆ ಹೇಳಿದಳು. "ಕಬ್ಬಿಣ ಬೇಯ್ಸ್ಕಂಡು ತಿನ್ನೋಕೆ ನನ್ಗೇನು ಹುಚ್ಚಾ?" ಎಂದು ಗೋಡೆಯ ಆಚೆಯಿಂದ ಉತ್ತರ ಬಂತು. ಗಂಗಹನುಮಯ್ಯ ಮಾತ್ರ ಸ್ವೆಟರಿನ ಗುಂಡಿ ಹಾಕಿಕೊಂಡು ವಾಕಿಂಗಿಗೆ ಹೊರಟುಹೋದ.

ಇಂತಿಪ್ಪ ಮನೆಗೆ ಆ ಭಾನುವಾರ, ದೊಡ್ಡಲಕ್ಷ್ಮಮ್ಮನ ಗೋಳಾಟದ ನಡುವೆಯೇ, ಖಾಸಿಂ ಬಂದ.

ಖಾಸಿಂ ರಾಮನಗರದ ರೀಲರು, ಗೂಡಿನಿಂದ ನೂಲು ತೆಗೆಸುವವನು. ಇಪ್ಪತ್ತು ವರ್ಷದಿಂದ ಗಂಗಹನುಮಯ್ಯನ ಗೂಡು ಕೊಳ್ಳುತ್ತಿದ್ದ, ಇಪ್ಪತ್ತು ವರ್ಷದಿಂದ ಜಗಳವಾಡುತ್ತಿದ್ದ, ಅಂದರೆ ಪ್ರಾಣಸ್ನೇಹಿತ. ಕಾಯಿಲೆಯಾದ ಮೇಲೆ ನೋಡಲು ಬಂದದ್ದು ಅದೇ ಮೊದಲು. "ಅರೆ ಹನುಮಣ್ಣ!" ಎಂದವನೇ ತಕ್ಕಡಿಯ ಮೇಲಿದ್ದ ಗೆಳೆಯನನ್ನು ಎರಡೂ ತೋಳಿನಲ್ಲಿ ಬಾಚಿ ಒಂದು ಗೇಣು ಮೇಲೆತ್ತಿದ. ಎತ್ತಿದವನು ಹಾಗೇ ನಿಂತ. ಅವನ ಹುಬ್ಬು ಗಂಟಿಕ್ಕಿತು. ಕೆಳಗಿಳಿಸಿ ಮತ್ತೊಮ್ಮೆ ಎತ್ತಿದ.

"ಎಷ್ಟು ಅಂದ್ರಿ ಅಕ್ಕಾ?"

"ಎಂಬತ್ತೊಂಬತ್ತೂವರೆ," ಎಂದಳು ಸರಸಮ್ಮ.

ಖಾಸಿಂ ತಲೆಯಾಡಿಸಿದ. "ತೂಕ ಐತೆ, ಇಲ್ಲ ಅನ್ನಲ್ಲ. ಆದ್ರೆ ಮಾಲು ಸರಿ ಇಲ್ಲ. ತೋಳು ನೋಡಿ, ಪೊಳ್ಳು. ಭುಜ ನೋಡಿ, ಪೊಳ್ಳು. ಭಾರವೆಲ್ಲ ಹೊಟ್ಟೆ ಹತ್ರಾನೇ ಕೂತೈತೆ, ಅದೂ ಕಲ್ಲಿನ ಹಂಗೆ!" ಅವನ ದನಿ ಮಾರುಕಟ್ಟೆಯ ದನಿಯಾಯಿತು. "ಹನುಮಣ್ಣ... ನೀನಾ? ಗೂಡಿಗೆ ಒಂದು ಹನಿ ನೀರು ತಾಗಿಸದ ನೀನು, ನಿನ್ನ ತೂಕಕ್ಕೇ ನೀರು ಹೊಡ್ದಿದ್ದೀಯಾ?"

"ಬುಡ್ಲಾ ಖಾಸಿಂ... ಬುಡೋ..." ಎಂದು ಗಂಗಹನುಮಯ್ಯ ಕೊಸರಾಡಿದ. ಕೊಸರಾಟದಲ್ಲಿ ಸ್ವೆಟರ್ ಮೇಲೆ ಸರಿಯಿತು. ಹೊಟ್ಟೆಗೆ ಸುತ್ತಿದ್ದ ಹಳೆಯ ಪಂಚೆಯ ಗಂಟು ಬಿಚ್ಚಿಕೊಂಡಿತು. ಐದು ಕೆಜಿಯ ಬಟ್ಟು ತಕ್ಕಡಿಯ ಹಲಗೆಗೆ ಢಣ್ಣೆಂದು ಬಡಿದು ನೆಲಕ್ಕೆ ಉರುಳಿತು. ಅದರ ಹಿಂದೆಯೇ, ಅಣ್ಣನನ್ನು ಬಿಟ್ಟಿರಲಾರದ ತಮ್ಮನ ಹಾಗೆ, ಎರಡು ಕೆಜಿಯದು.

ಖಾಸಿಂ ಆತನನ್ನು ಮೆಲ್ಲಗೆ ಹಲಗೆಯ ಮೇಲೆ ಇಳಿಸಿ ಕೈ ಬಿಟ್ಟ. ಇಷ್ಟು ದಿನ ಹೊಟ್ಟೆಯಿದ್ದ ಜಾಗದಲ್ಲಿ ಸಡಿಲವಾದ ಚರ್ಮ ಖಾಲಿ ಚೀಲದಂತೆ ಜೋತಾಡುತ್ತಿತ್ತು. ಪಕ್ಕೆಲುಬುಗಳ ಗುರುತು ಮೂಡಿತ್ತು. ಸರಸಮ್ಮನ ಕೈ ತಾನಾಗಿಯೇ ಗುಂಡನ್ನು ಸರಿಸಿತು... ಎಂಬತ್ತೈದು... ಎಂಬತ್ಮೂರು... ಎಂಬತ್ತೆರಡೂವರೆಯಲ್ಲಿ ಕೋಲು ಮೆಲ್ಲಗೆ ಮೇಲೆದ್ದು ನಿಂತಿತು. ತನ್ನ ಗಂಡ, ತನ್ನ ಕಣ್ಣೆದುರೇ, ತಾನೇ ಅಳೆದು ಬಡಿಸಿದ ತಟ್ಟೆಯ ಮುಂದೆ ಕೂತು, ಹೀಗೆ ಕರಗಿಹೋದನೇ! ತಾನು ಜ್ವರಕ್ಕೆ ಕೂತ ಹುಳುವೆಂದು ನೋಡುತ್ತಾ ಕೂತಿದ್ದೆನೇ!

"ಯಾಕ್ರೀ... ಯಾಕ್ ಹಿಂಗ್ ಮಾಡಿದ್ರಿ?"

"ಇಬ್ರೂ ಜಗಳ ಆಡ್ತೀರಲ್ಲ ಅಂತ..." ಎಂದ ಗಂಗಹನುಮಯ್ಯ. "ಇಳೀದಿದ್ರೆ ನೀನು ಅಳ್ತೀಯ. ಜಾಸ್ತಿ ಇಳಿದ್ರೆ ಅಕ್ಕ ಅಳ್ತದೆ. ಅರ್ಧ ಕೆಜಿ ಅಂತ ಇಬ್ರೂ ಒಪ್ಕಂಡಿದ್ರಿ. ನಾನೂ ಹಂಗೇ... ಬಟ್ಟು ಕಟ್ಕಂಡು, ಸಾಲದಿದ್ರೆ ಒಸಿ ನೀರು ಕುಡ್ದು..." ಎನ್ನುತ್ತಾ ಹಲಗೆಯಿಂದ ಇಳಿಯಲು ಹೋದವನು, ಕಣ್ಣು ಕತ್ತಲಿಟ್ಟು, ಖಾಸಿಂನ ತೋಳಿಗೇ ಒರಗಿದ.

ಖಾಸಿಂನ ಮಾರುತಿ ಓಮ್ನಿ ಗೂಡಿನ ಮೂಟೆಗಳನ್ನು ಕಂಡಿತ್ತು, ಅಂಥ ಅಳುವನ್ನು ಕಂಡಿರಲಿಲ್ಲ. ಬೆಂಗಳೂರು ಮುಟ್ಟುವವರೆಗೆ ದೊಡ್ಡಲಕ್ಷ್ಮಮ್ಮ ಒಂದು ಕಿವಿಯಲ್ಲಿ, ಸರಸಮ್ಮ ಇನ್ನೊಂದು ಕಿವಿಯಲ್ಲಿ. ಕೆಂಗಲ್ ಆಂಜನೇಯನಿಗೆ ಅವಸರದಲ್ಲೇ ಮನಸ್ಸಿನಲ್ಲಿ ಒಂದು ಕೈ ಮುಗಿಯೋಣವೆಂದರೆ, ಆ ದೇವಸ್ಥಾನ ಚನ್ನಪಟ್ಟಣದ ದಾರಿಯಲ್ಲಿ, ಬೆನ್ನ ಹಿಂದಕ್ಕೇ ಉಳಿದುಹೋಗಿತ್ತು. ದೊಡ್ಡಲಕ್ಷ್ಮಮ್ಮ ಓಡುವ ವ್ಯಾನಿನಲ್ಲೇ ಹಿಂದಕ್ಕೆ ತಿರುಗಿ ಮುಗಿದಳು.

ಡಾಕ್ಟರು ಪರೀಕ್ಷೆ ಮಾಡಿ, ಚೀಟಿಗಳನ್ನೆಲ್ಲ ನೋಡಿ, ಕನ್ನಡಕ ತೆಗೆದರು. "ಎದೆಯಲ್ಲಿ ಹೊಸ ತೊಂದರೆಯೇನಿಲ್ಲ. ಆದರೆ ನಾನು ಇಳಿಸಿ ಅಂದಿದ್ದೆ, ಇಳಿಯಲು ಬಿಡಿ ಅಂದಿರಲಿಲ್ಲ. ತಿನ್ನದೆ ಇಳಿದರೆ ಬರೀ ಕೊಬ್ಬು ಹೋಗುವುದಿಲ್ಲ ತಾಯಿ, ತೋಳು ತೊಡೆಯ ಮಾಂಸಖಂಡವೂ ಹೋಗುತ್ತದೆ. ಹೃದಯವೂ ಒಂದು ಮಾಂಸಖಂಡವೇ. ಇಂಥ ಕಾಯಿಲೆಯಾದ ಮೇಲೆ ಕಾರಣವಿಲ್ಲದೆ ಸೊರಗುವುದು, ದಪ್ಪಗಿರುವುದಕ್ಕಿಂತ ದೊಡ್ಡ ಅಪಾಯ. ಇವರಿಗೆ ಹಸಿವು ಯಾಕಿಲ್ಲ ಅಂತ ಮೊದಲು ಕೇಳಿಕೊಳ್ಳಿ. ಅದಕ್ಕೆ ನನ್ನ ಹತ್ತಿರ ಮಾತ್ರೆ ಇಲ್ಲ."

ಹೊರಗೆ ಕಾರಿಡಾರಿನ ಬೆಂಚಿನ ಮೇಲೆ ಇಬ್ಬರು ಹೆಂಗಸರೂ ಮೊದಲ ಸಲ ಅಕ್ಕಪಕ್ಕ ಕುಳಿತರು. ದೊಡ್ಡಲಕ್ಷ್ಮಮ್ಮನ ದನಿ ಎಲ್ಲಿಗೆ ಹೋಗಿತ್ತೋ!

"ನಿನ್ಗೆ ಗೊತ್ತಿಲ್ಲ ಕಣಮ್ಮಿ," ಎಂದಳು ಪಿಸುದನಿಯಲ್ಲಿ. "ಇವ್ನು ಹುಟ್ಟಿದಾಗ ಇಲಿಮರಿ ಹಂಗಿದ್ದ. ಉಳಿಯಾಕಿಲ್ಲ ಅಂದ್ಬುಟ್ಟಿದ್ರು ಎಲ್ರೂ. ಹತ್ತೇ ದಿನಕ್ಕೆ ಅವ್ವ ಹೋದ್ಲು. ನಂಗಾಗ ಹನ್ನೊಂದ್ ವರ್ಷ. ಮೇಕೆ ಹಾಲಲ್ಲಿ ಬಟ್ಟೆ ಅದ್ದಿ ಅದ್ದಿ ಚೀಪ್ಸಿದೀನಿ. ಇವ್ನ ಕೈಗೆ ಒಸಿ ಮಾಂಸ ಬಂದ ದಿನ ನಾನು ಊರೆಲ್ಲ ಹೊತ್ಕಂಡು ತಿರುಗಿ ತೋರಿಸ್ದೆ... ಇವ್ನು ಸಣ್ಣ ಆದ್ರೆ ನಂಗೆ ಆ ಇಲಿಮರೀನೇ ಕಾಣ್ತದೆ ಕಣೇ ಸರಸು!"

ಮೂವತ್ತು ವರ್ಷದಲ್ಲಿ ಆಕೆ ಸರಸು ಎಂದು ಕರೆದದ್ದು ಅದೇ ಮೊದಲು. ಸರಸಮ್ಮ ಆ ಒಣಗಿದ ಕೈಯನ್ನು ಹಿಡಿದುಕೊಂಡು ಕುಳಿತಳು. ಆಮೇಲೆ ಇಬ್ಬರೂ ಎದ್ದು ಒಳಗೆ ಹೋಗಿ ಮಂಚದ ಎರಡು ಕಡೆ ನಿಂತರು.

"ಹೇಳಿ," ಎಂದಳು ಸರಸಮ್ಮ. "ಯಾಕೆ ಉಣ್ತಿಲ್ಲ? ನನ್ ಸಾರಿಗೆ ಉಪ್ಪಿಲ್ಲ ಅಂತ್ಲಾ?"

"ನನ್ ತುಪ್ಪ ಕಮಟಾ?" ಎಂದಳು ದೊಡ್ಡಲಕ್ಷ್ಮಮ್ಮ.

ಗಂಗಹನುಮಯ್ಯ ಪಕ್ಕದ ಖಾಲಿ ಮಂಚದ ಕಡೆ ಕೈ ತೋರಿಸಿದ.

"ಹುಚ್ಚಯ್ಯ..." ಎಂದ. "ಮಾಗಡಿ ಕಡೆಯೋನು. ಇಂಥಾ ಮಂಚದಲ್ಲೇ ಇದ್ದ. ನಂಗೆ ತಿಂಡಿ ಕೊಟ್ರು, ಅವ್ನಿಗೆ ಏನೋ ಟೆಸ್ಟ್ ಐತೆ ಅಂತ ಕೊಡ್ಲಿಲ್ಲ. 'ಅಣ್ಣ, ಒಸಿ ಇಡ್ಲಿ ಕೊಡಣ್ಣ' ಅಂದ. 'ನರ್ಸಮ್ಮ ಬೈತದೆ ಕಣ್ಲಾ' ಅಂದ್ಬುಟ್ಟೆ. ಅವ್ನ ಮುಂದೇನೇ ಮೂರೂ ತಿಂದೆ. ಚಟ್ನಿ ಬೇರೆ ಕೇಳಿ ಹಾಕಿಸ್ಕಂಡೆ! ಮಧ್ಯಾಹ್ನಕ್ಕೆ ಅವ್ನು ಹೋಗ್ಬುಟ್ಟ... ಹಸ್ಕಂಡು ಹೋದ್ನಲ್ಲ ಸರಸು! ಅಕ್ಕ ದಿನಾ ಹೇಳ್ತದೆ, ಅವ್ನು ಕಡ್ಡಿ, ಅದ್ಕೇ ಹೋದ, ನೀನು ಗುಂಡು, ಅದ್ಕೇ ಉಳ್ದೆ ಅಂತ. ತುತ್ತು ಎತ್ತಿದ್ರೆ ಸಾಕು, ಅವ್ನು ಕೈ ಚಾಚ್ದಂಗಾಯ್ತದೆ. ಗಂಟಲಲ್ಲಿ ಇಳಿಯಾಕಿಲ್ಲ..."

ತೊಂಬತ್ತಾರು ಕೆಜಿಯ ಗಂಡಸು, ಈಗ ಎಂಬತ್ತೆರಡೂವರೆಯ ಗಂಡಸು, ಮಗುವಿನಂತೆ ಬಿಕ್ಕಿ ಬಿಕ್ಕಿ ಅತ್ತ. ಮೂರು ತಿಂಗಳು ಒಂದೇ ಮನೆಯಲ್ಲಿದ್ದು ಇಬ್ಬರು ಹೆಂಗಸರು ಆತನ ತಟ್ಟೆ ನೋಡಿದ್ದರು, ತಕ್ಕಡಿ ನೋಡಿದ್ದರು. ಮುಖ ನೋಡಿರಲಿಲ್ಲ. ದೊಡ್ಡಲಕ್ಷ್ಮಮ್ಮ ತನ್ನ ಬಾಯಿಗೆ ತಾನೇ ರಪರಪನೆ ಎರಡೇಟು ಹೊಡೆದುಕೊಂಡಳು. ಬಾಗಿಲಲ್ಲಿದ್ದ ನರ್ಸು, ಇದೇನು ಗಲಾಟೆ ಎಂದು ಗದರಲು ಬಾಯಿ ತೆರೆದವಳು, ಸುಮ್ಮನೆ ಬಾಗಿಲು ಎಳೆದುಕೊಂಡು ಹೋದಳು.

ಎರಡು ದಿನ ಇಟ್ಟುಕೊಂಡು ಡಾಕ್ಟರು ಕಳಿಸಿಕೊಟ್ಟರು. ಮುಂದಿನ ಶನಿವಾರ ಹರಕೆ. ಫಿಲೇಚರಿನ ತಕ್ಕಡಿ ಹನುಮಂತರಾಯನಿಗೆ ಸಲ್ಲದೆಂದು ಹಗ್ಗ ಕಟ್ಟಿದ ದೊಡ್ಡ ತಕ್ಕಡಿಯನ್ನೇ ಗುಡಿಯ ತೊಲೆಗೆ ತೂಗುಹಾಕಿದ್ದರು. ಪೂಜಾರಿ ಗಂಗಹನುಮಯ್ಯನನ್ನು ಕೂರಿಸುವ ಮುಂಚೆ ಸರಸಮ್ಮ ಎಲ್ಲರೆದುರಿಗೇ ಆತನ ಸೊಂಟ, ಜೇಬು, ಬೆನ್ನು ತಡಕಿ ನೋಡಿದಳು. ಜನ ನಕ್ಕರು. ಆತನೂ ಒಸಿ ನಕ್ಕ. ಅಚ್ಚುಬೆಲ್ಲ ಏರಿಸುತ್ತಾ ಹೋದಂತೆ ಎಂಬತ್ತೆರಡೂವರೆಗೆ ತಟ್ಟೆಗಳು ಸಮನಾಗಿ ನಿಂತವು. ತೂಗಿ ತಂದಿದ್ದ ತೊಂಬತ್ತಾರರಲ್ಲಿ ಹದಿಮೂರೂವರೆ ಕೆಜಿ ಚೀಲದಲ್ಲೇ ಉಳಿಯಿತು.

"ಇದನ್ನೂ ಹಾಕಿ ಪೂಜಾರಪ್ಪ," ಎಂದಳು ದೊಡ್ಡಲಕ್ಷ್ಮಮ್ಮ. "ನಾನು ಹೇಳಿದ್ದು ತೊಂಬತ್ತಾರು."

"ಹಾಕಿದ್ರೆ ನಿಮ್ ತಮ್ಮ ತೊಲೆಗೆ ಹೋಗಿ ಬಡೀತಾನಮ್ಮ!" ಎಂದ ಪೂಜಾರಿ.

"ದೇವ್ರಿಗೆ ಅಂದ ಬೆಲ್ಲ ಮನೆಗೆ ವಾಪಸ್ ತಗಂಡೋಗೋ ಹಂಗಿಲ್ಲ. ಮತ್ತೇನ್ ಮಾಡ್ಲಿ?"

ಸರಸಮ್ಮ ಚೀಲದ ಬಾಯಿ ಕಟ್ಟುತ್ತಾ ಹೇಳಿದಳು: "ಅಕ್ಕಯ್ಯ, ಇದು ಹುಚ್ಚಯ್ಯನ ಪಾಲು. ಮಾಗಡಿಗೆ ಹೋಗ್ಬರಣ."

ದೊಡ್ಡಲಕ್ಷ್ಮಮ್ಮ ಹನುಮಂತರಾಯನ ಮುಖ ನೋಡಿದಳು, ಚೀಲ ನೋಡಿದಳು. ದೇವರ ಲೆಕ್ಕದಲ್ಲಿ ಒಂದು ಚೂರು ಕಡಿಮೆ ಮಾಡಲೂ ಒಪ್ಪದ ಹೆಂಗಸು ಆಕೆ. ಆದರೂ ಬಗ್ಗಿ ಚೀಲದ ಒಂದು ತುದಿಯನ್ನು ತಾನೇ ಹಿಡಿದಳು.

ಖಾಸಿಂನ ಓಮ್ನಿ ಮಾಗಡಿ ದಾಟಿ, ಕೇಳುತ್ತಾ ಕೇಳುತ್ತಾ, ಹೆಂಚಿನ ಸಣ್ಣ ಮನೆಯೊಂದರ ಮುಂದೆ ನಿಂತಾಗ ಮಧ್ಯಾಹ್ನವಾಗಿತ್ತು. ಹುಚ್ಚಯ್ಯನ ಹೆಂಡತಿ ಕಾವೇರಮ್ಮ ಗುರುತಿಲ್ಲದ ನಾಲ್ಕು ಜನರಿಗೂ ನೀರು ಕೊಟ್ಟು, ಚಾಪೆ ಹಾಕಿ, ಆಮೇಲೆ ಯಾರೆಂದು ಕೇಳಿದಳು. ಗಂಗಹನುಮಯ್ಯ ಬೆಲ್ಲದ ಚೀಲವನ್ನು ಆಕೆಯ ಮುಂದಿಟ್ಟ. ಇಡ್ಲಿಯ ವಿಷಯವನ್ನು ಒಂದಕ್ಷರ ಬಿಡದೆ, ತಲೆ ಎತ್ತದೆ ಹೇಳಿ ಮುಗಿಸಿ, ಕೈ ಮುಗಿದು ಕುಳಿತ. ಸರಸಮ್ಮ ಕಾವೇರಮ್ಮನ ಬಾಯನ್ನೇ ನೋಡಿದಳು. ಈ ಹೆಂಗಸು ಒಂದು ಕೆಟ್ಟ ಮಾತಾಡಿದರೆ ತನ್ನ ಗಂಡ ಈ ಚಾಪೆಯಿಂದ ಏಳುವುದಿಲ್ಲ!

ಕಾವೇರಮ್ಮ ಕಣ್ಣರಳಿಸಿ ನೋಡಿದಳು.

"ಇಡ್ಲಿನಾ? ನಮ್ಮೋರಾ?" ಎಂದಳು. ಇದ್ದಕ್ಕಿದ್ದಂತೆ ಆಕೆ ನಕ್ಕುಬಿಟ್ಟಳು! ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಧಾರಾಕಾರವಾಗಿ ಹರಿಯಿತು. "ಅಯ್ಯೋ ಅಣ್ಣ, ಅವ್ರು ಇಡ್ಲಿ ಕಂಡ್ರೆ ಆಗ್ತಿರ್ಲಿಲ್ಲ! ಮುದ್ದೆ ಬುಟ್ರೆ ಇನ್ನೊಂದ್ ಮುಟ್ಟೋರಲ್ಲ. ಅದು ಅವ್ರ ಚಾಳಿ. ಬಸ್ಸಲ್ಲಾಗ್ಲಿ ಸಂತೇಲಾಗ್ಲಿ, ಯಾರ ಕೈಲಿ ಏನಿದ್ರೂ 'ಒಸಿ ಕೊಡಣ್ಣ' ಅನ್ನೋರು. ಕೊಡಾಕೆ ಬಂದ್ರೆ 'ಬ್ಯಾಡ, ನೀನೇ ತಿನ್ನು' ಅನ್ನೋರು. ಮಾತಿಗೆ ಎಳೆಯೋಕೆ ಹಂಗೆ ಮಾಡೋರು! ಊರಲ್ಲಿ ಯಾರ್ನ ಬೇಕಾದ್ರೂ ಕೇಳಿ... ಮಂಚದಲ್ಲಿ ಒಬ್ರೇ ಮಲಗಿ ಬ್ಯಾಸ್ರ ಆಗಿರ್ಬೇಕು, ಅದ್ಕೆ ನಿಮ್ಮನ್ನ ಮಾತಾಡ್ಸವ್ರೆ. ಕೊನೇಗೆ ಒಬ್ರನ್ನ ಮಾತಾಡಿಸ್ಕಂಡು ಹೋದ್ರಲ್ಲ... ಅಷ್ಟೇ ಸಾಕು ಕಣಣ್ಣ, ಅಷ್ಟೇ ಸಾಕು ನಂಗೆ!"

ಖಾಸಿಂ ಎದ್ದು ಹೊರಗೆ ಹೋಗಿ, ಕೆಟ್ಟಿಲ್ಲದ ಓಮ್ನಿಯ ಸೀಟು ಎತ್ತಿ ಎಂಜಿನ್ ನೋಡುತ್ತಾ ನಿಂತ.

ಕಾವೇರಮ್ಮ ಊಟ ಹಾಕದೆ ಬಿಡಲಿಲ್ಲ. ಮುದ್ದೆ, ಬಸ್ಸಾರು. ಉಪ್ಪು ಎಷ್ಟಿದೆಯೋ ಎಂದು ಸರಸಮ್ಮನ ಜೀವ ಹೊಡೆದುಕೊಂಡಿತು, ತಡೆದುಕೊಂಡಳು. ಇನ್ನೊಂದು ಮುದ್ದೆ ಹಾಕಮ್ಮ ಎಂದು ದೊಡ್ಡಲಕ್ಷ್ಮಮ್ಮನ ನಾಲಿಗೆ ತುದಿಗೆ ಬಂತು, ನುಂಗಿಕೊಂಡಳು. ಇಬ್ಬರೂ ಕಷ್ಟಪಟ್ಟು ತಮ್ಮ ತಮ್ಮ ತಟ್ಟೆಯನ್ನೇ ನೋಡಿದರು. ಗಂಗಹನುಮಯ್ಯ ಮೊದಲ ತುತ್ತು ಮುರಿದು, ಸಾರಿನಲ್ಲಿ ಅದ್ದಿ, ಕಣ್ಣು ಮುಚ್ಚಿ ನುಂಗಿದ. ಅದು ಇಳಿಯಿತು. ಎರಡನೆಯದೂ ಇಳಿಯಿತು. ಆತನ ಮುದ್ದೆ ಮುಗಿಯುತ್ತಾ ಬಂತು.

ಆಗ ಗಂಗಹನುಮಯ್ಯ ಅಕ್ಕನ ತಟ್ಟೆಯ ಕಡೆ ಕೈ ಚಾಚಿದ.

"ಅಕ್ಕ, ಒಸಿ ಕೊಡಕ್ಕ."

ದೊಡ್ಡಲಕ್ಷ್ಮಮ್ಮನ ಮುಖ ಅರಳಿತು. ತನ್ನ ಮುದ್ದೆಯನ್ನು ಪೂರಾ ಎತ್ತಿ ಆತನ ತಟ್ಟೆಗೆ ಹಾಕಲು ಹೋದಳು. ಗಂಗಹನುಮಯ್ಯ ತಟ್ಟೆ ಹಿಂದಕ್ಕೆ ಎಳೆದುಕೊಂಡ.

"ಬ್ಯಾಡ," ಎಂದ. "ನೀನೇ ತಿನ್ನು."

ಒಲೆಯ ಬಳಿ ಸೌಟು ಹಿಡಿದಿದ್ದ ಕಾವೇರಮ್ಮ ಗೋಡೆಯ ಕಡೆ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು.